ಅದೂ ಅಲ್ಲ, ಇದೂ ಅಲ್ಲ: ಇಂಗ್ಲಿಷಿನ ‘ನೈದರ್–ನಾರ್’ ಮತ್ತು ಕನ್ನಡದ ‘ಊ’

ಕರಿಹಲಗೆಯ ಮೇಲೆ ಒಂದು ಪ್ರಶ್ನೆ, ಕೆಳಗೆ ಎರಡು ಉತ್ತರ. ಎರಡೂ ತಪ್ಪು. ಯಾವುದು ಸರಿ ಎಂದು ಮೇಷ್ಟ್ರು ಇಂಗ್ಲಿಷಿನಲ್ಲಿ ಕೇಳುತ್ತಾರೆ. ಮುಂದಿನ ಬೆಂಚಿನ ಹುಡುಗಿ ಎದ್ದು ‘ಬೋತ್ ಆರ್ ನಾಟ್ ಕರೆಕ್ಟ್ ಸರ್’ ಎನ್ನುತ್ತಾಳೆ. ವ್ಯಾಕರಣ ಓದಿಕೊಂಡ ಪಕ್ಕದವನು ‘ನೈದರ್ ಆಫ್ ದೆಮ್ ಆರ್ ನಾಟ್ ಕರೆಕ್ಟ್’ ಎಂದು ಅವಳನ್ನು ತಿದ್ದುತ್ತಾನೆ. ಹಿಂದಿನ ಬೆಂಚಿನವನನ್ನು ಎಬ್ಬಿಸಿದರೆ ‘ಐ ಆಲ್ಸೋ ಡೋಂಟ್ ನೋ ಸರ್’. ಕರ್ನಾಟಕದ ಯಾವ ಊರಿನ ಶಾಲೆಯಲ್ಲಾದರೂ ಕಿವಿಗೆ ಬೀಳಬಹುದಾದ ಮಾತುಗಳಿವು.

ಇಂಗ್ಲಿಷ್ ವ್ಯಾಕರಣದ ಪುಸ್ತಕ ಈ ಮೂರು ವಾಕ್ಯಗಳಿಗೂ ಕೆಂಪು ಗೆರೆ ಎಳೆಯುತ್ತದೆ. ಆದರೆ ಅವುಗಳ ಹಿಂದಿರುವ ಕನ್ನಡವನ್ನು ಕೇಳಿಸಿಕೊಳ್ಳಿ: ‘ಎರಡೂ ಸರಿಯಲ್ಲ’, ‘ಅವೆರಡೂ ಸರಿಯಲ್ಲ’, ‘ನನಗೂ ಗೊತ್ತಿಲ್ಲ’. ಒಂದರಲ್ಲೂ ಕುಂದಿಲ್ಲ. ಮಕ್ಕಳು ಯೋಚಿಸಿದ್ದು ಸರಿಯಾಗಿಯೇ ಇದೆ. ಅದನ್ನು ಇಂಗ್ಲಿಷಿಗೆ ದಾಟಿಸುವಾಗ ಕಾಲು ಜಾರಿದೆ. ಜಾರಿದ್ದು ಎಲ್ಲಿ, ಏಕೆ ಎಂದು ಹುಡುಕುತ್ತಾ ಹೋದರೆ ಇಂಗ್ಲಿಷಿನ ಸಾವಿರ ವರ್ಷದ ಚರಿತ್ರೆಯೂ ಕನ್ನಡದ ಒಂದು ಪುಟ್ಟ ಪ್ರತ್ಯಯದ ಜಾಣತನವೂ ಒಟ್ಟಿಗೇ ಕಣ್ಣಿಗೆ ಬೀಳುತ್ತವೆ.

ನಮ್ಮಲ್ಲಿ ಹೆಚ್ಚಿನವರು ‘ನೈದರ್–ನಾರ್’ ಕಲಿತದ್ದು ನಿಯಮಗಳ ಪಟ್ಟಿಯಾಗಿ. ಆ ಪಟ್ಟಿಯ ಮೂಲ ಬಹುಪಾಲು ‘ರೆನ್ ಅಂಡ್ ಮಾರ್ಟಿನ್’. ಪಿ. ಸಿ. ರೆನ್ ಮತ್ತು ಎಚ್. ಮಾರ್ಟಿನ್ ಸೇರಿ ಬರೆದ ಆ ದಪ್ಪ ಪುಸ್ತಕ 1930ರ ದಶಕದಿಂದ ಭಾರತದ ಶಾಲೆಗಳಲ್ಲಿ ಉಳಿದುಕೊಂಡಿದೆ. ನೈದರ್ ಬಂದರೆ ನಾರ್ ಬರಬೇಕು, ಓರ್ ಬರಬಾರದು. ಎರಡು ಏಕವಚನ ಸೇರಿದರೂ ಕ್ರಿಯಾಪದ ಏಕವಚನವೇ. ಒಂದು ಬಹುವಚನವಾದರೆ ಅದನ್ನು ಕ್ರಿಯಾಪದದ ಹತ್ತಿರ ಕೂರಿಸಬೇಕು. ಇಬ್ಬರಿಗೆ ನೈದರ್, ಮೂವರಿಗೆ ನನ್. ಉರು ಹೊಡೆದರೆ ಪರೀಕ್ಷೆ ದಾಟಬಹುದು. ಆದರೆ ಈ ನಿಯಮಗಳು ಏಕೆ ಹೀಗಿವೆ ಎಂದು ಪಟ್ಟಿ ಹೇಳುವುದಿಲ್ಲ. ಕನ್ನಡದವರು ಅವುಗಳಲ್ಲಿ ಯಾವುದರ ಬಳಿ ಎಡವುತ್ತಾರೆ ಎನ್ನುವುದಂತೂ ಅದರಲ್ಲಿ ಇಲ್ಲವೇ ಇಲ್ಲ.

ಇಬ್ಬರಿಗಾಗಿ ಹುಟ್ಟಿದ ಪದ

ಮೊದಲು ಪದದ ಹುಟ್ಟು ನೋಡೋಣ. ಹಳೆಯ ಇಂಗ್ಲಿಷಿನಲ್ಲಿ ‘ಹ್ವೆದರ್’ ಎಂಬ ಪದವಿತ್ತು. ‘ಎರಡರಲ್ಲಿ ಯಾವುದು’ ಎಂಬುದು ಅದರ ಅರ್ಥ. ಇಂದಿನ ‘ವೆದರ್’ ಎಂಬ ಸಂಯೋಜಕ ಪದ ಅದರ ಸಂತಾನ. ‘ಹ್ವೆದರ್’ ಪದದ ಮೊದಲಿಗೆ ‘ಇಲ್ಲ’ ಎಂಬರ್ಥದ ‘ನಾ’ ಸೇರಿ ‘ನಾಹ್ವೆದರ್’ ಆಯಿತು, ಎಂದರೆ ‘ಎರಡರಲ್ಲಿ ಯಾವುದೂ ಅಲ್ಲ’. ಕಾಲ ಕಳೆದಂತೆ ಅದು ಸವೆದು, ‘ಐದರ್’ ಎಂಬ ಜೊತೆಗಾರನ ಸಹವಾಸದಲ್ಲಿ ರೂಪ ಬದಲಿಸಿ ‘ನೈದರ್’ ಎಂದು ನಿಂತಿತು. ಅದೇ ಮನೆತನದ ‘ನದರ್’ ಎಂಬ ಇನ್ನೊಂದು ರೂಪ ಇನ್ನಷ್ಟು ಮೊಟಕಾಗಿ ‘ನಾರ್’ ಆಯಿತು. ಅಂದರೆ ನೈದರ್, ನಾರ್ ಎರಡೂ ದಾಯಾದಿಗಳು. ಒಂದನ್ನು ಕರೆದರೆ ಇನ್ನೊಂದು ಬರುವುದರಲ್ಲಿ ಆಶ್ಚರ್ಯವಿಲ್ಲ.

ಈ ಪದಗಳ ಕೊನೆಯಲ್ಲಿರುವ ‘ದರ್’ ಎಂಬ ತುಂಡು ಸಂಸ್ಕೃತ ಬಲ್ಲವರಿಗೆ ಹಳೆಯ ಪರಿಚಯ. ಸಂಸ್ಕೃತದಲ್ಲಿ ‘ಕತರ’ ಎಂದರೆ ಇಬ್ಬರಲ್ಲಿ ಯಾರು, ‘ಕತಮ’ ಎಂದರೆ ಹಲವರಲ್ಲಿ ಯಾರು. ಇಂಗ್ಲಿಷಿನ ‘ವೆದರ್’ ಮತ್ತು ಸಂಸ್ಕೃತದ ‘ಕತರ’ ಒಂದೇ ಬೇರಿನ ಎರಡು ಕೊಂಬೆಗಳು. ‘ತರ’ ಎನ್ನುವುದು ಎರಡನ್ನು ಎದುರು ಬದುರು ಇಟ್ಟು ತೂಗುವ ಪ್ರತ್ಯಯ. ಉಚ್ಚತರ, ಮಹತ್ತರ ಎನ್ನುವಾಗಲೂ ಅದು ಮಾಡುವ ಕೆಲಸ ಅದೇ. ಸಂಸ್ಕೃತದ ದ್ವಿವಚನದಂತೆ ಹಳೆಯ ಇಂಗ್ಲಿಷಿಗೂ ‘ನಾವಿಬ್ಬರು’, ‘ನೀವಿಬ್ಬರು’ ಎನ್ನಲು ಬೇರೆಯೇ ಸರ್ವನಾಮಗಳಿದ್ದವು. ಅವು ಅಳಿದವು. ಬೋತ್, ಐದರ್, ನೈದರ್ ಮಾತ್ರ ಹಳೇ ವಾಡೆಯ ಉಳಿದ ಕಂಬಗಳಂತೆ ನಿಂತಿವೆ. ಇಬ್ಬರಿಗೆ ನೈದರ್, ಮೂವರಿಗೆ ನನ್ ಎಂಬ ನಿಯಮ ಆ ಕಂಬಗಳ ಮೇಲೆ ನಿಂತಿದೆ.

ಕನ್ನಡಕ್ಕೆ ಈ ಹಂಗಿಲ್ಲ. ಇಬ್ಬರ ನಡುವೆಯಾಗಲಿ ಇಪ್ಪತ್ತು ಜನರ ನಡುವೆಯಾಗಲಿ ‘ಯಾರೂ ಬರಲಿಲ್ಲ’ ಎಂದರೆ ಮುಗಿಯಿತು. ಎರಡೇ ಎಂದು ಹೇಳಬೇಕಾದರೆ ‘ಇಬ್ಬರೂ’, ‘ಎರಡೂ’ ಎಂದು ಸಂಖ್ಯೆಯನ್ನೇ ತರುತ್ತೇವೆ. ಹಾಗಾಗಿ ಕನ್ನಡ ಮನಸ್ಸಿಗೆ ನೈದರ್ ಎಂದರೆ ‘ಯಾವುದೂ ಇಲ್ಲ’ ಎಂಬುದರ ಇನ್ನೊಂದು ಹೆಸರು ಅನ್ನಿಸಿ, ‘ನೈದರ್ ಆಫ್ ದ ಫೈವ್ ಬುಕ್ಸ್’ ಎಂಬಂಥ ವಾಕ್ಯ ಹುಟ್ಟುತ್ತದೆ. ಸರ್ವನಾಮವಾಗಿ ಅಥವಾ ವಿಶೇಷಣವಾಗಿ ಬಂದಾಗ ನೈದರ್ ಎರಡನ್ನೇ ಮುಟ್ಟಬೇಕು. ಐದು ಪುಸ್ತಕಗಳಿಗೆ ನನ್.

ನಾರ್ ಜೊತೆಗೆ ಸಂಯೋಜಕವಾಗಿ ಬಂದಾಗ ಮಾತ್ರ ಈ ಕಟ್ಟು ಸಡಿಲ. 1611ರ ಕಿಂಗ್ ಜೇಮ್ಸ್ ಬೈಬಲ್ಲಿನಲ್ಲಿ, ರೋಮನ್ನರಿಗೆ ಬರೆದ ಪತ್ರದ ಎಂಟನೆಯ ಅಧ್ಯಾಯದ ಕೊನೆಯಲ್ಲಿ, ಒಂದು ನೈದರ್‌ನ ಬೆನ್ನಿಗೆ ಒಂಬತ್ತು ನಾರ್‌ಗಳು ಬರುತ್ತವೆ. ಬರೆಯುವಾಗ ನೆನಪಿಡಬೇಕಾದದ್ದು ಒಂದೇ: ಮೂರನೆಯದು, ನಾಲ್ಕನೆಯದು ಸೇರಿದಂತೆಲ್ಲ ಪ್ರತಿಯೊಂದಕ್ಕೂ ಅದರದೇ ನಾರ್ ಇಟ್ಟರೆ ವಾಕ್ಯ ಗಟ್ಟಿಯಾಗಿ ನಿಲ್ಲುತ್ತದೆ.

ಎಷ್ಟು ಸಲ ‘ಇಲ್ಲ’ ಎನ್ನಬೇಕು?

ಪಕ್ಕದ ಹುಡುಗನ ‘ನೈದರ್ ಆಫ್ ದೆಮ್ ಆರ್ ನಾಟ್ ಕರೆಕ್ಟ್’ಗೆ ಬರೋಣ. ಅವನ ತಪ್ಪು ಎರಡು ಸಲ ‘ಇಲ್ಲ’ ಎಂದದ್ದು. ಆರು ನೂರು ವರ್ಷ ಮೊದಲು ಹುಟ್ಟಿದ್ದರೆ ಅವನನ್ನು ಯಾರೂ ತಿದ್ದುತ್ತಿರಲಿಲ್ಲ. ಹಳೆಯ ಇಂಗ್ಲಿಷಿನಲ್ಲಿ ನಿಷೇಧ ಪದಗಳನ್ನು ಪೇರಿಸುವುದು ಸಹಜ ರೂಢಿ; ಪೇರಿಸಿದಷ್ಟೂ ‘ಇಲ್ಲ’ಕ್ಕೆ ಬಲ. ಹದಿನಾಲ್ಕನೆಯ ಶತಮಾನದ ಚಾಸರ್ ತನ್ನ ‘ಕ್ಯಾಂಟರ್ಬರಿ ಟೇಲ್ಸ್’ನ ಪೀಠಿಕೆಯಲ್ಲಿ ವೀರಯೋಧನೊಬ್ಬನ ಸೌಜನ್ಯವನ್ನು ಹೊಗಳುತ್ತಾ ಒಂದೇ ವಾಕ್ಯದಲ್ಲಿ ನಾಲ್ಕು ನಿಷೇಧ ಪದಗಳನ್ನು ಬಳಸಿದ್ದಾನೆ. ಆ ಯೋಧ ಬಾಯಿ ಬಿಟ್ಟು ಕೆಟ್ಟ ಮಾತಾಡಿದವನಲ್ಲ ಎಂದಷ್ಟೇ ಅದರ ತಾತ್ಪರ್ಯ. ನಾಲ್ಕು ಸಮ ಸಂಖ್ಯೆಯಾದ್ದರಿಂದ ಅವನು ಬೈಗುಳದ ಬಾಯಿಯವನು ಎಂದು ಯಾರೂ ಲೆಕ್ಕ ಹಾಕಲಿಲ್ಲ.

ಲೆಕ್ಕ ಹಾಕುವವರು ಬಂದದ್ದು ಹದಿನೆಂಟನೆಯ ಶತಮಾನದಲ್ಲಿ. ಮುಂದೆ ಲಂಡನ್ನಿನ ಬಿಷಪ್ ಆದ ರಾಬರ್ಟ್ ಲೌತ್ 1762ರಲ್ಲಿ ಒಂದು ಚಿಕ್ಕ ಇಂಗ್ಲಿಷ್ ವ್ಯಾಕರಣ ಪ್ರಕಟಿಸಿದ. ಎರಡು ನಿಷೇಧಗಳು ಒಂದನ್ನೊಂದು ಹೊಡೆದು ಹಾಕುತ್ತವೆ, ಹಾಗಾಗಿ ಅವು ಸೇರಿದರೆ ‘ಹೌದು’ ಎಂದಂತೆ ಎಂಬ ಸೂತ್ರ ಅದರಲ್ಲಿ ಸೇರಿತು. ಲಿಂಡ್ಲೆ ಮರ್ರೆಯ 1795ರ ವ್ಯಾಕರಣ ಅದನ್ನು ಶಾಲೆಗಳ ತನಕ ಒಯ್ದಿತು. ಶಿಷ್ಟ ಬರಹದಲ್ಲಿ ಜೋಡಿ ನಿಷೇಧ ಅದಕ್ಕೂ ಮೊದಲೇ ಕಡಿಮೆಯಾಗುತ್ತಿತ್ತು. ವ್ಯಾಕರಣಕಾರರು ಅದಕ್ಕೆ ಗಣಿತದ ಮುದ್ರೆ ಒತ್ತಿದರು ಅಷ್ಟೆ. ಲಂಡನ್ನಿನ ಬೀದಿ ಮಾತಿನಲ್ಲೂ ಅಮೆರಿಕದ ಕಪ್ಪು ಜನರ ಇಂಗ್ಲಿಷಿನಲ್ಲೂ ಪೇರಿಸಿದ ನಿಷೇಧ ಇಂದಿಗೂ ಜೀವಂತ. ಸ್ಪ್ಯಾನಿಷ್, ರಷ್ಯನ್ ಭಾಷೆಗಳಲ್ಲಂತೂ ಅದೇ ಶಿಷ್ಟ ರೂಪ. ಅಂದಮೇಲೆ ‘ಎರಡು ಇಲ್ಲ ಸೇರಿದರೆ ಹೌದು’ ಎನ್ನುವುದು ಮನುಷ್ಯನ ನಾಲಗೆಗೆಲ್ಲ ಅನ್ವಯಿಸುವ ಕಾನೂನಲ್ಲ. ಅದು ಒಂದು ಭಾಷೆಯ ಶಿಷ್ಟ ರೂಪ ಮಾಡಿಕೊಂಡ ಒಪ್ಪಂದ.

ಈ ಒಪ್ಪಂದದಲ್ಲಿ ಕನ್ನಡ ಶಿಷ್ಟ ಇಂಗ್ಲಿಷಿನ ಪಕ್ಷದಲ್ಲೇ ಇದೆ. ‘ಯಾರನ್ನೂ ನೋಡಲಿಲ್ಲ’ ಎನ್ನುವಾಗ ‘ಯಾರನ್ನೂ’ ಎಂಬುದರಲ್ಲಿ ನಿಷೇಧವಿಲ್ಲ. ನಿಷೇಧ ಇರುವುದು ಕೊನೆಯ ‘ಇಲ್ಲ’ದಲ್ಲಿ ಮಾತ್ರ. ‘ಒಪ್ಪದೆ ಇರಲಿಲ್ಲ’ ಎಂದರೆ ಒಪ್ಪಿದ ಎಂದೇ ಅರ್ಥ. ಎರಡು ನಿಷೇಧ ಸೇರಿ ಹೌದಾಗುವ ಲೌತನ ಲೆಕ್ಕ ನಮಗೂ ಗೊತ್ತು. ಹಾಗಿದ್ದೂ ನಮ್ಮ ಹುಡುಗ ಎಡವಿದ್ದೇಕೆ? ಅವನು ‘ಅವೆರಡೂ’ ಎಂಬ ಜಾಗಕ್ಕೆ ‘ನೈದರ್ ಆಫ್ ದೆಮ್’ ಇಟ್ಟ. ‘ಸರಿಯಲ್ಲ’ ಎಂಬ ಜಾಗದಲ್ಲಿ ‘ನಾಟ್ ಕರೆಕ್ಟ್’ ಹಾಗೇ ಉಳಿಯಿತು. ನೈದರ್ ತನ್ನ ಹೊಟ್ಟೆಯಲ್ಲೇ ‘ಇಲ್ಲ’ವನ್ನು ಇಟ್ಟುಕೊಂಡು ವಾಕ್ಯದ ಮೊದಲಿಗೇ ಬಂದಿದೆ ಎಂಬುದು ಅವನ ಗಮನಕ್ಕೆ ಬರಲಿಲ್ಲ. ಕನ್ನಡದಲ್ಲಿ ‘ಇಲ್ಲ’ ಯಾವಾಗಲೂ ಕೊನೆಗೆ ಬರುವ ಅತಿಥಿ; ಇಂಗ್ಲಿಷಿನಲ್ಲಿ ಅದು ಮೊದಲೇ ಬಂದು ಕೂತಿದ್ದರೆ ಕೊನೆಗೆ ಮತ್ತೆ ಕರೆಯಬಾರದು. ‘ನೈದರ್ ಆಫ್ ದೆಮ್ ಈಸ್ ಕರೆಕ್ಟ್’ ಎಂದರೆ ಸಾಕು.

ಇದೇ ಕಾರಣಕ್ಕೆ ವಾಕ್ಯದಲ್ಲಿ ಮೊದಲೇ ‘ನಾಟ್’ ಇದ್ದರೆ ನೈದರ್‌ಗೆ ಜಾಗವಿಲ್ಲ, ಐದರ್ ಬೇಕು. ‘ಐ ಡೋಂಟ್ ಲೈಕ್ ಐದರ್ ಆಫ್ ದೆಮ್’ ಸರಿ, ‘ಐ ಲೈಕ್ ನೈದರ್ ಆಫ್ ದೆಮ್’ ಸರಿ. ಎರಡನ್ನೂ ಬೆರೆಸಿ ‘ಐ ಡೋಂಟ್ ಲೈಕ್ ನೈದರ್’ ಎಂದರೆ ಶಿಷ್ಟ ಬರಹ ಒಪ್ಪುವುದಿಲ್ಲ.

ಎಲ್ಲಿ ಇಡಬೇಕು? ‘ಊ’ ಹೇಳುತ್ತದೆ

ಸಂಪಾದಕರು ಅತಿ ಹೆಚ್ಚು ತಿದ್ದುವ ತಪ್ಪು ಸ್ಥಾನದ್ದು. ‘ಹೀ ನೈದರ್ ಡ್ರಿಂಕ್ಸ್ ಟೀ ನಾರ್ ಕಾಫಿ’ ಎಂದು ಇಂಗ್ಲಿಷರೂ ಬರೆದುಬಿಡುತ್ತಾರೆ. ತೂಕದ ನಿಯಮದ ಪ್ರಕಾರ ನೈದರ್‌ನ ನಂತರ ಯಾವ ಜಾತಿಯ ಪದ ಬಂದಿದೆಯೋ ನಾರ್‌ನ ನಂತರವೂ ಅದೇ ಜಾತಿಯ ಪದ ಬರಬೇಕು. ಇಲ್ಲಿ ನೈದರ್‌ನ ನಂತರ ಕ್ರಿಯಾಪದ, ನಾರ್‌ನ ನಂತರ ನಾಮಪದ, ತಕ್ಕಡಿ ವಾಲಿತು. ‘ಹೀ ಡ್ರಿಂಕ್ಸ್ ನೈದರ್ ಟೀ ನಾರ್ ಕಾಫಿ’ ಎಂದರೆ ಎರಡು ತಟ್ಟೆಗಳಲ್ಲೂ ಒಂದೊಂದು ಲೋಟ.

ಈ ನಿಯಮವನ್ನು ಸಮಾನ ರಚನೆ, ಸಮಾನ ಪದವರ್ಗ ಎಂದೆಲ್ಲ ಹೆಸರಿಟ್ಟು ಕಲಿಸುತ್ತಾರೆ. ಕನ್ನಡದ ಮಗುವಿಗೆ ಆ ಹೆಸರುಗಳು ಬೇಡ, ‘ಊ’ ಸಾಕು. ‘ಟೀಯೂ ಕುಡಿಯಲ್ಲ, ಕಾಫಿಯೂ ಕುಡಿಯಲ್ಲ’ ಎನ್ನುವಾಗ ‘ಊ’ ಎಲ್ಲಿ ಅಂಟಿದೆ? ಟೀಗೆ ಮತ್ತು ಕಾಫಿಗೆ. ಹಾಗಾದರೆ ನೈದರ್, ನಾರ್ ಕೂರಬೇಕಾದದ್ದು ಟೀ, ಕಾಫಿಯ ಮುಂದೆಯೇ. ‘ತಿನ್ನಲೂ ಇಲ್ಲ, ಕುಡಿಯಲೂ ಇಲ್ಲ’ ಎಂದರೆ ‘ಊ’ ಕ್ರಿಯೆಗೆ ಅಂಟಿದೆ. ಆಗ ‘ಹೀ ನೈದರ್ ಏಟ್ ನಾರ್ ಡ್ರ್ಯಾಂಕ್’. ‘ಬೆಂಗಳೂರಿನಲ್ಲೂ ಇಲ್ಲ, ಮೈಸೂರಿನಲ್ಲೂ ಇಲ್ಲ’ ಎನ್ನುವಾಗ ‘ಊ’ ಸಪ್ತಮಿ ವಿಭಕ್ತಿಯ ಆಚೆ ಕೂತಿದೆ, ಅಂದರೆ ಇಂಗ್ಲಿಷಿನ ‘ಇನ್’ ಕೂಡ ಅದರ ತೆಕ್ಕೆಯೊಳಗೆ: ‘ನೈದರ್ ಇನ್ ಬೆಂಗಳೂರು ನಾರ್ ಇನ್ ಮೈಸೂರು’. ‘ರಾಮನೂ ಬರಲಿಲ್ಲ, ಸೀತೆಯೂ ಬರಲಿಲ್ಲ’ ಎಂದರೆ ಕರ್ತೃಗಳ ಮುಂದೆ. ಕನ್ನಡದಲ್ಲಿ ಯಾವುದಕ್ಕೆ ‘ಊ’ ಹಚ್ಚುತ್ತೀರೋ, ಇಂಗ್ಲಿಷಿನಲ್ಲಿ ಅದರ ಮುಂದೆ ನೈದರ್, ನಾರ್ ಇಡಿ. ಇಷ್ಟೇ ಸೂತ್ರ.

ನೈದರ್ ಬಿಡಿ ಪದವಾದ್ದರಿಂದ ವಾಕ್ಯದಲ್ಲಿ ಅತ್ತಿತ್ತ ಅಲೆಯಬಲ್ಲದು. ಅಲೆದು ತಪ್ಪು ಜಾಗದಲ್ಲಿ ಕೂರಬಲ್ಲದು. ‘ಊ’ಗೆ ಆ ಸ್ವಾತಂತ್ರ್ಯವಿಲ್ಲ. ಅದು ಪದದ ಬಾಲಕ್ಕೇ ಬೆಸೆದುಕೊಳ್ಳುವ ಪ್ರತ್ಯಯ, ಹಾಗಾಗಿ ಇಂಗ್ಲಿಷರನ್ನು ಕಾಡುವ ಈ ತಪ್ಪು ಕನ್ನಡದಲ್ಲಿ ಅಪರೂಪ.

ಬರಹದ ಕನ್ನಡದಲ್ಲಿ ಈ ‘ಊ’ ಜೋಡಿಗೆ ಇನ್ನೊಂದು ರೂಪವೂ ಉಂಟು: ‘ಅಪ್ಪನಾಗಲಿ ಅಮ್ಮನಾಗಲಿ ಬರಲಿಲ್ಲ’. ಕಚೇರಿಯ ಕಾಗದಗಳಿಗೂ ಪತ್ರಿಕೆಯ ವರದಿಗೂ ಹೊಂದುವ ಗಾಂಭೀರ್ಯ ಇದಕ್ಕಿದೆ. ಇಷ್ಟೆಲ್ಲ ಇದ್ದೂ ಅನುವಾದದ ಅವಸರದಲ್ಲಿ ನಾವು ‘ಅಪ್ಪ ಅಥವಾ ಅಮ್ಮ ಬರಲಿಲ್ಲ’ ಎಂದು ಬರೆಯುತ್ತಿದ್ದೇವೆ. ಇಬ್ಬರೂ ಬರಲಿಲ್ಲವೋ, ಒಬ್ಬರು ಬರಲಿಲ್ಲ ಆದರೆ ಯಾರೆಂದು ತಿಳಿಯದೋ? ಓದುಗ ಊಹಿಸಬೇಕು. ಇಂಗ್ಲಿಷಿನ ‘ನಾಟ್’ ನೆರಳಲ್ಲಿ ‘ಓರ್’ ಮಾಡುವ ಕೆಲಸವನ್ನು ಕನ್ನಡದ ‘ಅಥವಾ’ ಮಾಡುವುದಿಲ್ಲ. ಅದು ‘ಊ’ ಮತ್ತು ‘ಆಗಲಿ’ಗಳ ಕೆಲಸ. ನೈದರ್–ನಾರ್ ಪಾಠದಿಂದ ನಮ್ಮ ಇಂಗ್ಲಿಷಿನ ಜೊತೆಗೆ ಕನ್ನಡವೂ ಸ್ವಲ್ಪ ನೆಟ್ಟಗಾಗಬೇಕಿದೆ.

ಈಸ್ ಎನ್ನಬೇಕೋ, ಆರ್ ಎನ್ನಬೇಕೋ?

ಸ್ಥಾನದ ವಿಷಯದಲ್ಲಿ ಕನ್ನಡ ನಮ್ಮ ಕೈ ಹಿಡಿದರೆ ವಚನದ ವಿಷಯದಲ್ಲಿ ಕೈ ಬಿಡುತ್ತದೆ. ‘ಬಂದನು, ಬಂದಳು, ಬಂದರು’ ಎಂದು ಲಿಂಗ, ವಚನ ನೋಡಿ ಬದಲಾಗುವ ನಮ್ಮ ಕ್ರಿಯಾಪದ ನಿಷೇಧಕ್ಕೆ ತಿರುಗಿದ ಕೂಡಲೇ ಎಲ್ಲವನ್ನೂ ಕಳಚಿ ಹಾಕುತ್ತದೆ. ನಾನು ಬರಲಿಲ್ಲ, ಅವಳು ಬರಲಿಲ್ಲ, ಅವರು ಬರಲಿಲ್ಲ, ದನಗಳು ಬರಲಿಲ್ಲ: ಎಲ್ಲಕ್ಕೂ ಒಂದೇ. ಯಾವಾಗಲೂ ಹೀಗಿರಲಿಲ್ಲ. ಹಿಂದಿನ ಕನ್ನಡದಲ್ಲಿ ಧಾತುವಿಗೆ ನೇರವಾಗಿ ಪುರುಷ ಪ್ರತ್ಯಯ ಹಚ್ಚಿದ ನಿಷೇಧ ರೂಪಗಳಿದ್ದವು: ಅರಿಯೆನು, ಅರಿಯನು, ಅರಿಯಳು, ಅರಿಯರು. ‘ಒಲ್ಲೆ’, ‘ಕಾಣೆ’ ಎನ್ನುವಾಗ ಅದರ ಎಳೆಯೊಂದು ಇಂದಿಗೂ ನಾಲಗೆಯ ಮೇಲಿದೆ. ಹೊಸಗನ್ನಡದಲ್ಲಿ ‘ಇಲ್ಲ’, ‘ಅಲ್ಲ’ಗಳು ಹಬ್ಬಿ ಆ ಲೆಕ್ಕಾಚಾರವನ್ನು ಮುಗಿಸಿಬಿಟ್ಟವು.

ಹೀಗಿರುವಾಗ ‘ನೈದರ್ ರಾಮ ನಾರ್ ಸೀತಾ’ ಎಂದ ಮೇಲೆ ‘ಈಸ್’ ಬೇಕೋ ‘ಆರ್’ ಬೇಕೋ ಎಂಬ ಪ್ರಶ್ನೆ ನಮಗೆ ಹುಟ್ಟುವುದೇ ಇಲ್ಲ. ಇಬ್ಬರು ಇದ್ದಾರೆ, ಆದ್ದರಿಂದ ‘ಆರ್’ ಎಂದು ಕೈ ಹೋಗುತ್ತದೆ. ಶಿಷ್ಟ ಇಂಗ್ಲಿಷಿನ ತರ್ಕ ಬೇರೆ: ಇಲ್ಲಿ ಇಬ್ಬರನ್ನು ಕೂಡಿಸಿಲ್ಲ, ಒಬ್ಬೊಬ್ಬರನ್ನಾಗಿ ಕರೆದು ‘ನೀನಲ್ಲ’, ‘ನೀನೂ ಅಲ್ಲ’ ಎಂದು ಕಳಿಸಲಾಗಿದೆ. ಆದ್ದರಿಂದ ಏಕವಚನ. ನ್ಯೂಯಾರ್ಕ್ ನಗರದಲ್ಲಿ 1914ರಲ್ಲಿ ತೆರೆದ ಭಾರಿ ಅಂಚೆ ಕಚೇರಿಯ ಹಣೆಯ ಮೇಲೆ ಇದರ ಕಲ್ಲಿನ ಸಾಕ್ಷಿ ಇದೆ. ಪರ್ಷಿಯಾದ ಅಂಚೆ ಸವಾರರನ್ನು ಕುರಿತು ಗ್ರೀಕ್ ಇತಿಹಾಸಕಾರ ಹೆರೊಡೊಟಸ್ ಬರೆದ ಮಾತಿನ ಇಂಗ್ಲಿಷ್ ರೂಪ ಅದು. ಹಿಮ, ಮಳೆ, ಬಿಸಿಲು, ಇರುಳಿನ ಕತ್ತಲೆ, ಈ ನಾಲ್ಕರಲ್ಲಿ ಯಾವುದೂ ಅಂಚೆಯವನನ್ನು ತಡೆಯದು ಎಂದು ಒಂದು ನೈದರ್, ಮೂರು ನಾರ್ ಬಳಸಿ ಕೆತ್ತಿದ್ದಾರೆ. ನಾಲ್ಕು ಕರ್ತೃಗಳಿದ್ದರೂ ಕ್ರಿಯಾಪದ ಏಕವಚನದಲ್ಲೇ ಇದೆ.

ಒಂದು ಕಡೆ ಏಕವಚನ, ಇನ್ನೊಂದು ಕಡೆ ಬಹುವಚನ ಬಂದರೆ? ಹತ್ತಿರದವನ ಮಾತು ನಡೆಯುತ್ತದೆ. ‘ನೈದರ್ ದ ಟೀಚರ್ ನಾರ್ ದ ಸ್ಟೂಡೆಂಟ್ಸ್ ವರ್ ಪ್ರೆಸೆಂಟ್’: ಕ್ರಿಯಾಪದಕ್ಕೆ ಹತ್ತಿರವಿರುವವರು ವಿದ್ಯಾರ್ಥಿಗಳು, ಆದ್ದರಿಂದ ‘ವರ್’. ರಾಂಡಾಲ್ಫ್ ಕ್ವರ್ಕ್ ಮತ್ತು ಸಂಗಡಿಗರು 1985ರಲ್ಲಿ ಹೊರತಂದ ದೊಡ್ಡ ಇಂಗ್ಲಿಷ್ ವ್ಯಾಕರಣ ವಚನದ ಹೊಂದಾಣಿಕೆಯಲ್ಲಿ ಮೂರು ಎಳೆತಗಳನ್ನು ಗುರುತಿಸುತ್ತದೆ: ವ್ಯಾಕರಣದ ರೂಪ, ಮನಸ್ಸಿನಲ್ಲಿರುವ ಸಂಖ್ಯೆ ಮತ್ತು ನೆರೆಯ ಪದದ ಪ್ರಭಾವ. ನೈದರ್ ಇರುವ ಕಡೆ ಈ ಮೂರೂ ಒಮ್ಮೆಗೇ ಜಗ್ಗುತ್ತವೆ. ‘ನೈದರ್ ಆಫ್ ದೆಮ್’ ಎಂದ ಮೇಲೆ ಮಾತಿನಲ್ಲಿ ‘ಆರ್’ ಎನ್ನುವ ಇಂಗ್ಲಿಷರು ಲೆಕ್ಕವಿಲ್ಲದಷ್ಟಿದ್ದಾರೆ. ‘ದೆಮ್’ ಎಂಬ ಬಹುವಚನ ಪಕ್ಕದಲ್ಲೇ ಕೂತು ಎಳೆಯುತ್ತದೆ. ಪರೀಕ್ಷೆಯಲ್ಲಿ ಮತ್ತು ಔಪಚಾರಿಕ ಬರಹದಲ್ಲಿ ‘ಈಸ್’ ಬರೆಯುವುದು ಕ್ಷೇಮ. ಮಾತಿನಲ್ಲಿ ‘ಆರ್’ ಎಂದವರನ್ನು ಅಜ್ಞಾನಿ ಎನ್ನಬೇಕಿಲ್ಲ.

ಪುರುಷ ಬೇರೆಯಾದರೆ ಇಕ್ಕಟ್ಟು ಇನ್ನೂ ಹೆಚ್ಚು. ‘ನೈದರ್ ಯೂ ನಾರ್ ಐ’ ಎಂದ ಮೇಲೆ ನಿಯಮದ ಪ್ರಕಾರ ‘ಆಮ್’ ಬರಬೇಕು, ಕಿವಿ ಒಪ್ಪುವುದಿಲ್ಲ. ಅನುಭವಿಗಳು ಇಂಥ ಕಡೆ ವಾಕ್ಯವನ್ನೇ ಒಡೆದು ಬರೆಯುತ್ತಾರೆ. ಸರ್ವನಾಮದ ತೊಡಕೂ ಹಾಗೆಯೇ: ರಾಮನೂ ಸೀತೆಯೂ ಪುಸ್ತಕ ತರಲಿಲ್ಲ ಎನ್ನುವಾಗ ಇಂಗ್ಲಿಷಿಗೆ ‘ಹಿಸ್’ ಬೇಕೋ ‘ಹರ್’ ಬೇಕೋ ಎಂಬ ಚಿಂತೆ, ಈಗ ಹೆಚ್ಚಿನವರು ‘ದೇರ್’ ಎಂದು ದಾಟುತ್ತಾರೆ. ಕನ್ನಡಕ್ಕೆ ‘ತಂತಮ್ಮ’ ಇದೆ, ಚಿಂತೆಯಿಲ್ಲ.

ಮದುರೆಯಲ್ಲಿ ಹುಟ್ಟಿದವನ ಸೂತ್ರ

ಈಗ ಮೊದಲ ಬೆಂಚಿನ ಹುಡುಗಿಯ ‘ಬೋತ್ ಆರ್ ನಾಟ್ ಕರೆಕ್ಟ್’. ಕನ್ನಡದಲ್ಲಿ ‘ಎರಡೂ ಸರಿಯಲ್ಲ’ ಎಂದರೆ ಎರಡೂ ತಪ್ಪು ಎಂದೇ ಸಾಮಾನ್ಯವಾಗಿ ತಿಳಿಯುತ್ತೇವೆ. ಇಂಗ್ಲಿಷ್ ಕಿವಿಗೆ ಆ ವಾಕ್ಯ ಎರಡು ಬಗೆಯಾಗಿ ಕೇಳಿಸುತ್ತದೆ: ಎರಡೂ ತಪ್ಪು ಎಂದು ಒಂದು, ಎರಡೂ ಒಟ್ಟಿಗೆ ಸರಿಯಲ್ಲ, ಒಂದು ಸರಿಯಿರಬಹುದು ಎಂದು ಇನ್ನೊಂದು. ‘ಐ ಡೋಂಟ್ ಡ್ರಿಂಕ್ ಟೀ ಅಂಡ್ ಕಾಫಿ’ ಎಂಬ ನಮ್ಮ ನಿತ್ಯದ ವಾಕ್ಯಕ್ಕೂ ಇದೇ ರೋಗ. ಎರಡನ್ನೂ ಬೆರೆಸಿ ಕುಡಿಯುವುದಿಲ್ಲ ಎಂದು ಕೇಳಿಸಿದರೂ ಕೇಳಿಸಿತು. ಅಲ್ಲಿ ‘ಅಂಡ್’ ತೆಗೆದು ‘ಓರ್’ ಹಾಕಬೇಕು.

‘ನಾಟ್’ ಬಂದ ಕೂಡಲೇ ‘ಅಂಡ್’ ಏಕೆ ‘ಓರ್’ ಆಗುತ್ತದೆ? ಇದನ್ನು ಸೂತ್ರವಾಗಿ ಬರೆದವನು ಅಗಸ್ಟಸ್ ಡಿ ಮಾರ್ಗನ್. 1806ರಲ್ಲಿ ನಮ್ಮ ನೆರೆಯ ತಮಿಳುನಾಡಿನ ಮದುರೆಯಲ್ಲಿ ಹುಟ್ಟಿ, ಕೂಸಾಗಿದ್ದಾಗಲೇ ಇಂಗ್ಲೆಂಡಿಗೆ ಹೋಗಿ, ಲಂಡನ್ನಿನಲ್ಲಿ ಗಣಿತದ ಪ್ರಾಧ್ಯಾಪಕನಾದವನು. ‘ಇದು ಅಥವಾ ಅದು’ ಎಂಬುದರ ನಿಷೇಧ ಎಂದರೆ ‘ಇದೂ ಅಲ್ಲ, ಅದೂ ಅಲ್ಲ’. ‘ಇದು ಮತ್ತು ಅದು’ ಎಂಬುದರ ನಿಷೇಧ ಎಂದರೆ ‘ಇದಲ್ಲ, ಇಲ್ಲವೇ ಅದಲ್ಲ’, ಕನಿಷ್ಠ ಒಂದಂತೂ ಅಲ್ಲ. ಪಿಯುಸಿಯ ಗಣಿತದಲ್ಲಿ ಡಿ ಮಾರ್ಗನ್ ನಿಯಮ ಬರೆಯುವ ಹುಡುಗಿಗೆ ಇಂಗ್ಲಿಷ್ ತರಗತಿಯ ನೈದರ್–ನಾರ್ ಅದೇ ನಿಯಮದ ಮೊದಲ ಸಾಲು ಎಂದು ಯಾರೂ ಹೇಳುವುದಿಲ್ಲ. ಕೇಂದ್ರ ಲೋಕಸೇವಾ ಆಯೋಗದ ಪ್ರಿಲಿಮ್ಸ್ ಪ್ರಶ್ನೆಪತ್ರಿಕೆಯಲ್ಲಿ ‘1 ಮಾತ್ರ, 2 ಮಾತ್ರ, 1 ಮತ್ತು 2 ಎರಡೂ, ನೈದರ್ 1 ನಾರ್ 2’ ಎಂಬ ನಾಲ್ಕು ಆಯ್ಕೆಗಳು ಅಭ್ಯರ್ಥಿಗಳಿಗೆ ಚಿರಪರಿಚಿತ. ಎರಡು ಹೇಳಿಕೆಗಳಿಗೆ ಇರಬಹುದಾದ ಎಲ್ಲ ಸಾಧ್ಯತೆಗಳೂ ಆ ನಾಲ್ಕರಲ್ಲಿ ಮುಗಿಯುತ್ತವೆ. ನಾಲ್ಕನೆಯದು ‘ಬೋತ್ ನಾಟ್’ ಎಂದಿದ್ದರೆ ಗೊಂದಲಕ್ಕೆ ಬಾಗಿಲು ತೆರೆಯುತ್ತಿತ್ತು.

ಎರಡನ್ನು ನಿರಾಕರಿಸಿದರೆ ಎಲ್ಲವನ್ನೂ ನಿರಾಕರಿಸಿದಂತಲ್ಲ ಎಂಬುದೂ ಇಲ್ಲೇ ಕಲಿಯಬೇಕಾದ ಮಾತು. ಅದಕ್ಕೆ ಹಿರಣ್ಯಕಶಿಪುವಿಗಿಂತ ಒಳ್ಳೆಯ ಉದಾಹರಣೆ ಇಲ್ಲ. ಮನುಷ್ಯನಿಂದಲೂ ಬೇಡ, ಮೃಗದಿಂದಲೂ ಬೇಡ. ಹಗಲೂ ಬೇಡ, ಇರುಳೂ ಬೇಡ. ಒಳಗೂ ಬೇಡ, ಹೊರಗೂ ಬೇಡ ಎಂದು ನೈದರ್–ನಾರ್‌ಗಳ ಮಾಲೆಯನ್ನೇ ವರವಾಗಿ ಕಟ್ಟಿಸಿಕೊಂಡ. ಎರಡೆರಡನ್ನು ಮುಚ್ಚಿದರೆ ಲೋಕವೇ ಮುಚ್ಚಿತು ಎಂದುಕೊಂಡ. ನರಸಿಂಹ ಬಂದದ್ದು ಮೂರನೆಯ ಸಂದಿನಿಂದ: ಮುಸ್ಸಂಜೆಯಲ್ಲಿ, ಹೊಸ್ತಿಲ ಮೇಲೆ. ವರದ ವ್ಯಾಕರಣದಲ್ಲಿ ತಪ್ಪಿರಲಿಲ್ಲ. ಆಯ್ಕೆಗಳು ಎರಡೇ ಎಂದು ನಂಬಿದ್ದು ತಪ್ಪಾಯಿತು.

ಈ ನಾರ್ ಚಂದ್ರನ ತನಕವೂ ಹೋಗಿ ಬಂದಿದೆ. ಬರುವ ಸಂಕೇತಗಳೆಲ್ಲ ಸೊನ್ನೆಯಾಗಿದ್ದಾಗ ಮಾತ್ರ ಒಂದು ಎನ್ನುವ ವಿದ್ಯುತ್ ಮಂಡಲಕ್ಕೆ ‘ನಾರ್ ಗೇಟ್’ ಎಂದು ಹೆಸರು. ತರ್ಕದ ಬೇರೆಲ್ಲ ಕ್ರಿಯೆಗಳನ್ನೂ ನಾರ್ ಒಂದರಿಂದಲೇ ಕಟ್ಟಬಹುದೆಂದು ಅಮೆರಿಕದ ಚಾರ್ಲ್ಸ್ ಸ್ಯಾಂಡರ್ಸ್ ಪರ್ಸ್ 1880ರ ಸುಮಾರಿಗೇ ಕಂಡುಕೊಂಡಿದ್ದ. 1969ರಲ್ಲಿ ಚಂದ್ರನ ಮೇಲೆ ಮನುಷ್ಯನನ್ನು ಇಳಿಸಿದ ಅಪೊಲೊ ನೌಕೆಯ ಗಣಕಯಂತ್ರದ ತರ್ಕಮಂಡಲಗಳನ್ನು ಕಟ್ಟಿದ್ದು ನಾರ್ ಗೇಟುಗಳಿಂದಲೇ. ಸುಮಾರು 2,800 ಚಿಪ್ಪುಗಳು, ಒಂದೊಂದರಲ್ಲೂ ಎರಡು ನಾರ್. ‘ಅದೂ ಅಲ್ಲ, ಇದೂ ಅಲ್ಲ’ ಎನ್ನುವುದನ್ನಷ್ಟೇ ಬಲ್ಲ ಯಂತ್ರ ದಾರಿ ತಪ್ಪದೆ ಹೋಗಿ ಬಂದಿತು.

‘ನನಗೂ ಇಲ್ಲ’

ಹಿಂದಿನ ಬೆಂಚಿನವನ ‘ಐ ಆಲ್ಸೋ ಡೋಂಟ್ ನೋ’ ಉಳಿಯಿತು. ‘ನನಗೂ’ ಎಂಬುದರ ‘ಊ’ಗೆ ಅವನು ‘ಆಲ್ಸೋ’ ಹಾಕಿದ. ‘ನನಗೂ ಗೊತ್ತು’ ಎಂದಾಗ ಅದು ಒಪ್ಪುತ್ತದೆ. ಕನ್ನಡದ ‘ಊ’ ಹೌದಿಗೂ ಇಲ್ಲಕ್ಕೂ ಒಂದೇ. ಇಂಗ್ಲಿಷ್ ಮಾತ್ರ ‘ಇಲ್ಲ’ ಎಂದಾಗ ಬೇರೆ ಪದ ಕೇಳುತ್ತದೆ. ‘ಐ ಡೋಂಟ್ ನೋ ಐದರ್’ ಎನ್ನಬಹುದು, ಅಥವಾ ಚಿಕ್ಕದಾಗಿ ‘ನೈದರ್ ಡೂ ಐ’. ಎರಡನೆಯದರಲ್ಲಿ ನೈದರ್ ಮುಂದೆ ಬಂದು ಕೂತದ್ದರಿಂದ ಕರ್ತೃವೂ ಸಹಾಯಕ ಕ್ರಿಯಾಪದವೂ ಪ್ರಶ್ನೆಯಲ್ಲಿ ಆಗುವಂತೆ ಜಾಗ ಬದಲಿಸಿಕೊಂಡವು. ನಾರ್ ಮುಂದೆ ಬಂದರೂ ಅಷ್ಟೆ: ‘ಹೀ ಡಿಡಂಟ್ ಕಮ್, ನಾರ್ ಡಿಡ್ ಹೀ ಕಾಲ್’. ಗೆಳೆಯರ ನಡುವೆ ‘ಮೀ ನೈದರ್’ ಸಾಕು, ಅರ್ಜಿಯಲ್ಲಿ ಬೇಡ.

ಉಚ್ಚಾರಣೆಯ ಜಗಳಕ್ಕೆ ಹೆಚ್ಚು ಹೊತ್ತು ಬೇಕಿಲ್ಲ. ‘ನೈದರ್’ ಬ್ರಿಟನ್ನಿನಲ್ಲಿ ಹೆಚ್ಚು, ‘ನೀದರ್’ ಅಮೆರಿಕದಲ್ಲಿ ಹೆಚ್ಚು, ನಿಘಂಟುಗಳು ಎರಡನ್ನೂ ಒಪ್ಪುತ್ತವೆ. 1937ರ ‘ಶಲ್ ವಿ ಡ್ಯಾನ್ಸ್’ ಚಿತ್ರಕ್ಕೆ ಗರ್ಷ್ವಿನ್ ಸಹೋದರರು ಕಟ್ಟಿಕೊಟ್ಟ ಒಂದು ಹಾಡಿನ ತುಂಬ ಇಂಥ ಉಚ್ಚಾರಣೆಗಳದೇ ಕೀಟಲೆ. ನಮ್ಮಲ್ಲಿ ಯಾರಾದರೂ ‘ನೀದರ್’ ಎಂದರೆ ನಗಬೇಡಿ.

ಒಟ್ಟು ಲೆಕ್ಕ ಹೀಗೆ ನಿಲ್ಲುತ್ತದೆ. ನೈದರ್–ನಾರ್ ಎಲ್ಲಿ ಇಡಬೇಕೆಂಬುದನ್ನು ಕನ್ನಡದ ‘ಊ’ ಈಗಾಗಲೇ ಕಲಿಸಿದೆ. ಹೊಸದಾಗಿ ಕಲಿಯಬೇಕಾದದ್ದು ಮೂರು: ನೈದರ್ ಹೊಟ್ಟೆಯಲ್ಲೇ ‘ಇಲ್ಲ’ ಇದೆ, ಮತ್ತೊಂದು ಬೇಡ; ನಮ್ಮ ‘ಇಲ್ಲ’ಕ್ಕೆ ವಚನವಿಲ್ಲ, ಅವರ ಕ್ರಿಯಾಪದಕ್ಕೆ ಇದೆ; ‘ಇಲ್ಲ’ ಎನ್ನುವಾಗ ‘ಬೋತ್’, ‘ಅಂಡ್’, ‘ಆಲ್ಸೋ’ಗಳನ್ನು ಬಿಟ್ಟು ‘ನೈದರ್’, ‘ಓರ್’, ‘ಐದರ್’ಗಳನ್ನು ಹಿಡಿಯಬೇಕು. ಇಂಗ್ಲಿಷ್ ಕಲಿಸುವ ಮೇಷ್ಟ್ರುಗಳಲ್ಲಿ, ಮೇಡಂಗಳಲ್ಲಿ ಒಂದು ವಿನಂತಿ. ‘ಬೋತ್ ಆರ್ ನಾಟ್ ಕರೆಕ್ಟ್’ ಎಂದ ಮಗುವನ್ನು ಕೂರಿಸುವ ಮುನ್ನ, ಆ ಮಾತನ್ನು ಕನ್ನಡದಲ್ಲಿ ಹೇಳು ಎಂದು ಒಮ್ಮೆ ಕೇಳಿ. ಅವಳು ಹೇಳಿದ ‘ಎರಡೂ’ ಎಂಬುದರ ‘ಊ’ಗೆ ಹಲಗೆಯ ಮೇಲೆ ಒಂದು ಗೆರೆ ಹಾಕಿ, ಪಾಠವನ್ನು ಅಲ್ಲಿಂದಲೇ ಶುರು ಮಾಡಿ.